ಕಡತದ ಹಿಂದಿನ ಮಗು

ಕೆನಡದ ಪೌರತ್ವವನ್ನು ಸ್ವೀಕರಿಸುವವರು ಹೇಳಬೇಕಾದ ಪ್ರಮಾಣವಚನಕ್ಕೆ 2021ರ ಜೂನ್ ತಿಂಗಳಲ್ಲಿ ಒಂದು ಮಾತು ಸೇರಿತು. ಆ ನೆಲದ ಮೂಲನಿವಾಸಿಗಳಾದ ಫಸ್ಟ್ ನೇಷನ್ಸ್, ಇನ್ಯುಯಿಟ್ ಮತ್ತು ಮೆಟಿಸ್ ಜನರ ಹಕ್ಕುಗಳನ್ನೂ ಅವರೊಡನೆ ಆದ ಒಪ್ಪಂದಗಳಿಂದ ಬಂದ ಹಕ್ಕುಗಳನ್ನೂ ದೇಶದ ಸಂವಿಧಾನ ಮಾನ್ಯ ಮಾಡಿದೆ ಎಂಬುದೇ ಆ ಮಾತು. ನಮ್ಮ ಓದುಗರಲ್ಲಿ ಹಲವರ ಮಕ್ಕಳು ಇಂದು ಟೊರಾಂಟೋ, ವ್ಯಾಂಕೂವರ್‌ಗಳಲ್ಲಿ ನೆಲೆಸಿದ್ದಾರೆ. ಕೆಲವರಾದರೂ ಈ ಮಾತನ್ನು ಬಾಯಿಬಿಟ್ಟು ಹೇಳಿರುತ್ತಾರೆ. ಆದರೂ ಸಂಘದಲ್ಲಿ ಈ ವಿಷಯ ಬಂದಾಗಲೆಲ್ಲ ನನಗೆ ಕೇಳಿಬರುವ ಉತ್ತರ ಒಂದೇ: ಅದು ಬಿಳಿಯರು ಮಾಡಿದ ಸಾಲ, ನಿನ್ನೆ ಮೊನ್ನೆ ಹೋದ ನಮ್ಮ ಹುಡುಗರು ಏಕೆ ತೀರಿಸಬೇಕು? ಪ್ರಶ್ನೆ ಅಸಂಬದ್ಧವೇನಲ್ಲ. ಆದರೆ ಸಾಲದ ಸ್ವರೂಪವನ್ನು ವಿಚಾರಿಸದೆ ಕೇಳಿದ ಪ್ರಶ್ನೆ ಅದು.

ಇಂಗ್ಲಿಷಿನ ‘ರೀಕನ್ಸಿಲಿಯೇಶನ್’ ಎಂಬ ಪದವನ್ನು ಸಾಮರಸ್ಯವೆಂದು ಅನುವಾದಿಸಿ ನಾವು ಸುಮ್ಮನಾಗುತ್ತೇವೆ. ಕೇಂದ್ರ ಸರ್ಕಾರದ ಕಚೇರಿಯಲ್ಲಿ ವರ್ಷಗಟ್ಟಲೆ ಕುಳಿತ ನನಗೆ ಅದರ ಇನ್ನೊಂದು ಅರ್ಥವೇ ಮೊದಲು ನೆನಪಾಗುತ್ತದೆ: ನಮ್ಮ ಲೆಕ್ಕವನ್ನೂ ಬ್ಯಾಂಕಿನ ಲೆಕ್ಕವನ್ನೂ ಎದುರುಬದುರಾಗಿಟ್ಟು ತಾಳೆ ನೋಡುವುದು. ತಾಳೆಯಾಗದಿದ್ದರೆ ಕೈಕುಲುಕಿ ಎದ್ದುಬರುವಂತಿಲ್ಲ. ವ್ಯತ್ಯಾಸ ಎಲ್ಲಿದೆಯೆಂದು ಹುಡುಕಲೇಬೇಕು.

ಮರ್ರಿ ಸಿಂಕ್ಲೇರ್ ಅವರ ನೇತೃತ್ವದ ಸತ್ಯ ಮತ್ತು ಸಾಮರಸ್ಯ ಆಯೋಗ 2015ರಲ್ಲಿ ಕೆನಡದ ಮುಂದಿಟ್ಟ 94 ಶಿಫಾರಸುಗಳು ಇಂತಹ ತಾಳೆಪಟ್ಟಿಯೇ. ಒಂದೂವರೆ ಲಕ್ಷಕ್ಕೂ ಹೆಚ್ಚು ಮೂಲನಿವಾಸಿ ಮಕ್ಕಳನ್ನು ತಾಯಿತಂದೆಯರಿಂದ ಬೇರ್ಪಡಿಸಿ, ಸರ್ಕಾರದ ಹಣದಿಂದ ಚರ್ಚುಗಳು ನಡೆಸುತ್ತಿದ್ದ ವಸತಿ ಶಾಲೆಗಳಿಗೆ ಸೇರಿಸಲಾಗಿತ್ತು. ಅಲ್ಲಿ ಮನೆಮಾತು ಆಡಿದ್ದಕ್ಕೇ ಶಿಕ್ಷೆಯಾಗುತ್ತಿತ್ತು. ಮಕ್ಕಳ ಬಾಯಲ್ಲಿ ಕನ್ನಡ ನಿಲ್ಲಲೆಂದು ಭಾನುವಾರದ ತರಗತಿ ನಡೆಸುವ ನಮ್ಮಂಥವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಪಟ್ಟಿಯ ಮೊದಲ ಐದು ಶಿಫಾರಸುಗಳು ಈ ಶಾಲೆಗಳ ಕುರಿತಾಗಿಲ್ಲ, ಇಂದಿನ ಮಕ್ಕಳ ಕಲ್ಯಾಣ ವ್ಯವಸ್ಥೆಯ ಕುರಿತಾಗಿವೆ. ಶಾಲೆಗಳು ಮುಚ್ಚಿದ ಮೇಲೂ ಮಕ್ಕಳನ್ನು ಮನೆಯಿಂದ ಎತ್ತಿಕೊಂಡು ಹೋಗುವುದು ನಿಂತಿರಲಿಲ್ಲ.

ಮ್ಯಾನಿಟೋಬಾ ಪ್ರಾಂತದ ನಾರ್ವೇ ಹೌಸ್ ಕ್ರೀ ಸಮುದಾಯದ ಜೋರ್ಡಾನ್ ರಿವರ್ ಆಂಡರ್ಸನ್ ಎಂಬ ಮಗು 1999ರಲ್ಲಿ ಹಲವು ಕಾಯಿಲೆಗಳೊಡನೆ ಹುಟ್ಟಿತು. ಎರಡು ವರ್ಷವಾದಾಗ ಮಗುವನ್ನು ಆಸ್ಪತ್ರೆಯಿಂದ ಒಂದು ಮನೆಗೆ ಕಳುಹಿಸಬಹುದೆಂದು ವೈದ್ಯರು ಹೇಳಿದರು. ಮನೆಯಲ್ಲಿನ ಆರೈಕೆಯ ವೆಚ್ಚವನ್ನು ಕೇಂದ್ರ ಭರಿಸಬೇಕೇ ಪ್ರಾಂತ ಭರಿಸಬೇಕೇ ಎಂಬ ಪತ್ರವ್ಯವಹಾರ ಆರಂಭವಾಯಿತು. ಅದು ಮುಗಿಯಲಿಲ್ಲ. 2005ರಲ್ಲಿ, ಒಂದು ದಿನವೂ ಮನೆಯನ್ನು ಕಾಣದೆ, ಐದರ ಹರೆಯದ ಆ ಮಗು ಆಸ್ಪತ್ರೆಯಲ್ಲೇ ತೀರಿಕೊಂಡಿತು. ಕೇಂದ್ರ ಮತ್ತು ರಾಜ್ಯಗಳ ನಡುವೆ ಓಡಾಡುವ ಕಡತ ಎಂತಹುದೆಂದು ನಾನು ಬಲ್ಲೆ. ಅದರಲ್ಲಿ ಪ್ರತಿಯೊಂದು ಟಿಪ್ಪಣಿಯೂ ನಿಯಮಬದ್ಧವಾಗಿರುತ್ತದೆ.

ಇಲ್ಲಿ ಒಂದು ಚಿಕ್ಕ ಸಂಸ್ಥೆಯ ಹೆಸರು ಬರುತ್ತದೆ. ಸಿಂಡಿ ಬ್ಲ್ಯಾಕ್‌ಸ್ಟಾಕ್ ಅವರು ಮುನ್ನಡೆಸುವ ಫಸ್ಟ್ ನೇಷನ್ಸ್ ಚೈಲ್ಡ್ ಅಂಡ್ ಫ್ಯಾಮಿಲಿ ಕೇರಿಂಗ್ ಸೊಸೈಟಿ, ಲಾಭದ ಉದ್ದೇಶವಿಲ್ಲದ ಸಂಘ. ‘ಮೊದಲು ಮಗುವಿಗೆ ಸೇವೆ, ಆಮೇಲೆ ಸರ್ಕಾರಗಳ ಲೆಕ್ಕ’ ಎಂಬ ಸರಳ ನಿಯಮಕ್ಕೆ ಜೋರ್ಡಾನನ ಹೆಸರಿಟ್ಟು, 2007ರ ಡಿಸೆಂಬರಿನಲ್ಲಿ ಕೆಳಸದನ ಅದನ್ನು ಅವಿರೋಧವಾಗಿ ಒಪ್ಪುವಂತೆ ಮಾಡಿದ ಪ್ರಯತ್ನದಲ್ಲಿ ಈ ಸಂಸ್ಥೆಯ ಪಾಲು ದೊಡ್ಡದು. ಅದೇ ವರ್ಷದ ಆರಂಭದಲ್ಲಿ ಅದು ಅಸೆಂಬ್ಲಿ ಆಫ್ ಫಸ್ಟ್ ನೇಷನ್ಸ್ ಜೊತೆಗೂಡಿ ಮಾನವ ಹಕ್ಕುಗಳ ದೂರನ್ನೂ ಸಲ್ಲಿಸಿತ್ತು. ದೂರಿನಲ್ಲಿ ಯಾವ ಅಧಿಕಾರಿಯ ಬೈಗುಳವೂ ಉಲ್ಲೇಖವಾಗಿರಲಿಲ್ಲ. ಇದ್ದದ್ದು ಅನುದಾನದ ಸೂತ್ರ. ಮೀಸಲು ನೆಲದ ಮಗುವನ್ನು ಮನೆಯಿಂದ ತೆಗೆದು ಬೇರೆಡೆ ಇರಿಸಿದರೆ ವೆಚ್ಚ ಪೂರ್ತಿ ಮರುಪಾವತಿಯಾಗುತ್ತಿತ್ತು. ಮನೆಯಲ್ಲೇ ಉಳಿಸಿಕೊಳ್ಳಲು ಕುಟುಂಬಕ್ಕೆ ನೆರವಾಗಬೇಕೆಂದರೆ ಹಣ ಸಾಲುತ್ತಿರಲಿಲ್ಲ. ಜನಾಂಗಭೇದವೆಂದರೆ ಮುಖದ ಮೇಲೆ ಆಡಿದ ಕೆಟ್ಟ ಮಾತೆಂದೇ ತಿಳಿದವರು ಈ ಸೂತ್ರವನ್ನು ಇನ್ನೊಮ್ಮೆ ಓದಬೇಕು. ಅಲ್ಲಿ ದ್ವೇಷದ ಒಂದಕ್ಷರವೂ ಇಲ್ಲ.

ಕೇಂದ್ರದ ಅನುದಾನವನ್ನು ಪ್ರಾಂತದ ಅನುದಾನದೊಡನೆ ಹೋಲಿಸುವಂತಿಲ್ಲವೆಂಬ ತಾಂತ್ರಿಕ ವಾದದಲ್ಲೇ ವರ್ಷಗಳು ಕಳೆದವು. ದೂರು ಕೊಟ್ಟ ಸಂಸ್ಥೆಗೆ ಬರುತ್ತಿದ್ದ ಸರ್ಕಾರಿ ಹಣ ನಿಂತಿತು. ಅಧಿಕಾರಿಗಳು ಬ್ಲ್ಯಾಕ್‌ಸ್ಟಾಕ್ ಅವರ ಖಾಸಗಿ ಫೇಸ್‌ಬುಕ್ ಪುಟದಿಂದ ಮಾಹಿತಿ ಸಂಗ್ರಹಿಸಿದ್ದು ಸರಿಯಲ್ಲವೆಂದು 2013ರಲ್ಲಿ ಅಲ್ಲಿನ ಖಾಸಗಿತನದ ಆಯುಕ್ತರು ಹೇಳಬೇಕಾಯಿತು. 2016ರ ಜನವರಿಯಲ್ಲಿ ಮಾನವ ಹಕ್ಕುಗಳ ನ್ಯಾಯಮಂಡಳಿ ಸರ್ಕಾರ ತಾರತಮ್ಯ ಮಾಡಿದೆಯೆಂದು ತೀರ್ಪಿತ್ತಿತು. 2023ರಲ್ಲಿ 23 ಬಿಲಿಯನ್ ಡಾಲರಿಗೂ ಮಿಕ್ಕಿದ ಪರಿಹಾರಕ್ಕೆ ಫೆಡರಲ್ ನ್ಯಾಯಾಲಯ ಸಮ್ಮತಿಸಿತು.

ಬ್ಲ್ಯಾಕ್‌ಸ್ಟಾಕ್ ಇನ್ನೊಂದು ಕೆಲಸವನ್ನೂ ಮಾಡಿದ್ದಾರೆ; ಅಧಿಕಾರಿಯಾದ ನನ್ನನ್ನು ಕಾಡುವುದು ಅದು. ಪೀಟರ್ ಬ್ರೈಸ್ ಎಂಬ ಸರ್ಕಾರಿ ವೈದ್ಯಾಧಿಕಾರಿ 1907ರಲ್ಲಿ ಪಶ್ಚಿಮ ಭಾಗದ ವಸತಿ ಶಾಲೆಗಳನ್ನು ನೋಡಿಬಂದು ವರದಿ ಬರೆದರು. ಮಾಹಿತಿ ದೊರೆತ 1,537 ವಿದ್ಯಾರ್ಥಿಗಳಲ್ಲಿ ಹೆಚ್ಚುಕಡಿಮೆ ಕಾಲುಭಾಗ ಸತ್ತುಹೋಗಿದ್ದರು. ಮುಖ್ಯ ಕಾರಣ ಕ್ಷಯ. ಗಾಳಿ ಬೆಳಕು, ಚಿಕಿತ್ಸೆ ಕೊಡಿ ಎಂದರು. 1913ರಿಂದ ಇಲಾಖೆಯ ಚುಕ್ಕಾಣಿ ಹಿಡಿದ ಡಂಕನ್ ಕ್ಯಾಂಬೆಲ್ ಸ್ಕಾಟ್ ಅದನ್ನು ಬದಿಗಿರಿಸಿದರು; 1920ರಲ್ಲಿ ಕಾನೂನು ತಿದ್ದಿಸಿ ಶಾಲೆಗೆ ಸೇರುವುದನ್ನೇ ಕಡ್ಡಾಯ ಮಾಡಿಸಿದರು. ಬ್ರೈಸ್ ನಿವೃತ್ತರಾದ ಮೇಲೆ 1922ರಲ್ಲಿ ತಮ್ಮ ಖರ್ಚಿನಲ್ಲಿ ಪುಸ್ತಿಕೆ ಅಚ್ಚುಹಾಕಿಸಿದರು. ಸ್ಕಾಟ್ ಕೆನಡದ ಹೆಸರಾಂತ ಕವಿ. ಸರ್ಕಾರಿ ಕೆಲಸ ಮತ್ತು ಸಾಹಿತ್ಯ ಒಂದೇ ಮನೆಯಲ್ಲಿದ್ದರೆ ಮನಸ್ಸು ಮೃದುವಾಗುತ್ತದೆಂದು ಮಾಸ್ತಿಯವರನ್ನು ಕಂಡ ನಾವು ನಂಬಿದವರು. ಸ್ಕಾಟ್ ಅವರ ಜೀವನ ಆ ನಂಬಿಕೆಗೆ ಆಧಾರ ಕೊಡುವುದಿಲ್ಲ. ಇಬ್ಬರ ಸಮಾಧಿಗಳೂ ಒಟ್ಟಾವಾ ನಗರದ ಬೀಚ್‌ವುಡ್ ಸ್ಮಶಾನದಲ್ಲಿವೆ. 2015ರಲ್ಲಿ ಬ್ಲ್ಯಾಕ್‌ಸ್ಟಾಕ್ ಮತ್ತಿತರರ ಪ್ರಯತ್ನದಿಂದ ಬ್ರೈಸ್ ಅವರಿಗೆ ಸ್ಮಾರಕ ಫಲಕ ಬಂತು. ಸ್ಕಾಟ್ ಅವರ ಫಲಕದಲ್ಲಿ ಕಾವ್ಯದ ಜೊತೆಗೆ ವಸತಿ ಶಾಲೆಗಳ ಸಂಗತಿಯೂ ಸೇರಿತು.

ಇದನ್ನೆಲ್ಲ ನಮ್ಮ ತ್ರೈಮಾಸಿಕದಲ್ಲಿ ಬರೆಯಲು ಕಾರಣವಿದೆ. ಕೆನಡದ ಸಂಘಸಂಸ್ಥೆಗಳಲ್ಲಿ ಈಗ ಸಭೆಯ ಆರಂಭಕ್ಕೆ ‘ನಾವು ಇಂಥ ಜನರ ನೆಲದಲ್ಲಿ ಸೇರಿದ್ದೇವೆ’ ಎಂದು ಓದುವ ಪದ್ಧತಿಯಿದೆ. ಅಲ್ಲಿನ ನಮ್ಮವರ ಸಂಘಗಳೂ ಅದನ್ನು ಓದಲಿ, ಆಕ್ಷೇಪವಿಲ್ಲ. ಆದರೆ ನಿರ್ಣಯ ಓದಿ ಚಪ್ಪಾಳೆ ತಟ್ಟುವ ಕಲೆಯಲ್ಲಿ ಹೊರನಾಡ ಸಂಘಗಳಾದ ನಾವು ಪಳಗಿದವರು. ಅದರ ಬೆಲೆಯೇನೆಂದು ಬಲ್ಲೆವು. ಕೇರಿಂಗ್ ಸೊಸೈಟಿ ಮಾಡಿದ್ದು ಆ ಕೆಲಸವಲ್ಲ. ಅನುದಾನದ ಪುಟ ತೆರೆದು, ಯಾವ ಸಾಲಿನಿಂದ ಯಾವ ಮಗು ಮನೆ ಕಳೆದುಕೊಳ್ಳುತ್ತದೆಂದು ಬೆರಳಿಟ್ಟು ತೋರಿಸಿತು. ಹೊಸಬರ ಸಂಘವೂ ಇದನ್ನು ಮಾಡಬಹುದು: ತನ್ನ ವಿದ್ಯಾರ್ಥಿವೇತನ, ಆರೋಗ್ಯ ಶಿಬಿರ ಯಾರಿಗೆ ತಲುಪುತ್ತಿದೆ, ಮೂಲನಿವಾಸಿಗಳ ಬಗ್ಗೆ ತನ್ನವರ ಮನೆಗಳಲ್ಲಿ ಏನು ಆಡಿಕೊಳ್ಳುತ್ತಾರೆ, ತನ್ನ ನಿಯಮಾವಳಿ ಯಾರನ್ನು ಸದ್ದಿಲ್ಲದೆ ಹೊರಗಿಡುತ್ತದೆ ಎಂದು ಕೇಳಿಕೊಳ್ಳಬಹುದು. ಸಾಲ ಬಿಳಿಯರದೇ ಇರಬಹುದು. ಆದರೆ ಆ ನೆಲದ ಮೇಲೆ ಬೆಳೆದ ವ್ಯವಸ್ಥೆಯ ಫಲದಲ್ಲಿ ಹೊಸಬರೂ ಪಾಲುದಾರರು.

ಹಣ ಕೊಟ್ಟು ಕಡತ ಮುಚ್ಚಬಹುದೆಂದು ಭಾವಿಸುವವರಿಗೆ ಇನ್ನೊಂದು ಸಂಗತಿ. ಮಕ್ಕಳ ಕಲ್ಯಾಣದ ದೀರ್ಘಕಾಲದ ಸುಧಾರಣೆಗೆಂದು 47.8 ಬಿಲಿಯನ್ ಡಾಲರಿನ ಒಪ್ಪಂದವೊಂದು 2024ರ ಅಕ್ಟೋಬರಿನಲ್ಲಿ ಫಸ್ಟ್ ನೇಷನ್ಸ್ ಮುಖ್ಯಸ್ಥರ ಸಭೆಯ ಮುಂದೆ ಬಂತು. ಸಭೆ ಅದನ್ನು ಬಹುಮತದಿಂದ ತಿರಸ್ಕರಿಸಿತು.