ಏಣಿ ಅಸ್ಸಾಮಿನವನ ಹೆಗಲಿಗೆ, ಬೋರ್ಡು ಮಾತ್ರ ಕನ್ನಡದಲ್ಲಿ!

ಮೆಣಸು ಕೊಯ್ಲು ಬಂತೆಂದರೆ ಕೊಡಗಿನ ತೋಟಗಳಲ್ಲಿ ಏಣಿಗಳು ಏಳುತ್ತವೆ. ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಬಳ್ಳಿಯ ತುದಿ ಮುಟ್ಟಲು ಉದ್ದನೆಯ ಅಲ್ಯೂಮಿನಿಯಂ ಏಣಿ ಬೇಕು. ಹಗುರ, ಒಬ್ಬನೇ ಹೊತ್ತು ನಡೆಯಬಹುದು. ಆದರೆ ತೋಟದ ಮೇಲೆ ಹಾದುಹೋದ 11 ಸಾವಿರ ವೋಲ್ಟಿನ ತಂತಿಗೆ ಅದರ ತುದಿ ತಗುಲಿತೋ, ಕಥೆ ಮುಗಿಯಿತು. ತಗುಲಲೇಬೇಕೆಂದಿಲ್ಲ, ತೀರಾ ಹತ್ತಿರ ಹೋದರೂ ಸಾಕು. ಹೀಗೆ ಜೀವ ಹೋದ ಸುದ್ದಿ ಕಾಫಿ ಸೀಮೆಗೆ ಹೊಸದೇನಲ್ಲ.

ಈಗ ಏಣಿ ಹೊರುವವರಲ್ಲಿ ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡಿನಿಂದ ಬಂದವರು ಬಹಳ. ಅನೇಕರಿಗೆ ಈ ಏಣಿಯೂ ಹೊಸದು, ಈ ಇಳಿಜಾರೂ ಹೊಸದು. ಎಚ್ಚರಿಕೆಯ ಬೋರ್ಡು ಇದ್ದರೆ ಅದು ಕನ್ನಡದಲ್ಲಿ. ಮೇಸ್ತ್ರಿ ಹರಕು ಹಿಂದಿಯಲ್ಲಿ 'ಹುಷಾರ್' ಅಂದುಬಿಟ್ಟರೆ ಕೆಲಸ ಆಯಿತೇ?

ಇಲ್ಲಿಗೆ ಬೇಕಾದವರು ಆಶಾ ಕಾರ್ಯಕರ್ತೆಯರು. 2020ರ ಕೊರೋನಾ ಕಾಲದಲ್ಲಿ ಮನೆಮನೆ ಅಲೆದವರು ಅವರೇ. ಲಸಿಕೆ, ಬಾಣಂತಿ ಅಂತ ಲೈನ್ ಮನೆಗಳ ದಾರಿ ಅವರಿಗೆ ಗೊತ್ತು. ಕೊಯ್ಲಿಗೆ ಮೊದಲು, ಸಂತೆ ರಜೆಯ ದಿನ, ಅಸ್ಸಾಮಿ ಬಲ್ಲ ಕೂಲಿಯೊಬ್ಬನನ್ನು ಜೊತೆಗಿಟ್ಟುಕೊಂಡು ಏಣಿಯನ್ನೇ ಮುಂದಿಟ್ಟು ತೋರಿಸಲಿ. ಮೊದಲು ಮೇಲೆ ನೋಡು. ಮರದಿಂದ ಮರಕ್ಕೆ ಹೋಗುವಾಗ ಏಣಿ ಮಲಗಿಸಿ ಇಬ್ಬರು ಹಿಡಿಯಿರಿ. ಯಾರಿಗಾದರೂ ಶಾಕ್ ಹೊಡೆದರೆ ಓಡಿಹೋಗಿ ಮುಟ್ಟಬೇಡಿ, ಕರೆಂಟ್ ತೆಗೆಸಿದ ಮೇಲೆಯೇ ಹತ್ತಿರ ಹೋಗಿ. ಉಸಿರಿಲ್ಲದಿದ್ದರೆ ಎದೆ ಒತ್ತುವುದು ಹೇಗೆ ಅನ್ನುವುದನ್ನೂ ಕಲಿಸಲಿ. ಆದರೆ ಇದು ಪುಕ್ಕಟೆ ಚಾಕರಿ ಆಗಬಾರದು. ಗೌರವಧನದ ಮೇಲೆ ದುಡಿಯುವ ಆ ಹೆಂಗಸರಿಗೆ ಈ ಕೆಲಸಕ್ಕೂ ಕೂಲಿ ಕೊಡಬೇಕು.

ಹಾಗಂತ ಪಾಠ ಹೇಳಿ ಕೈತೊಳೆದುಕೊಂಡರೆ ಮಾಲೀಕರ ಹೊಣೆ ತೀರುವುದಿಲ್ಲ. ಎಷ್ಟು ಬುದ್ಧಿ ಹೇಳಿದರೂ ಅಲ್ಯೂಮಿನಿಯಂ ವಿದ್ಯುತ್ ಹರಿಸುವುದನ್ನು ಬಿಟ್ಟೀತೇ? ವಿದ್ಯುತ್ ಹರಿಯದ ಫೈಬರ್ ಏಣಿ ತರಿಸಬೇಕಾದವರು ಮಾಲೀಕರು. ಜೋತುಬಿದ್ದ ತಂತಿ ಬಿಗಿಸಬೇಕಾದವರು, ತಂತಿಯ ಪಕ್ಕ ಕೊಯ್ಯುವ ದಿನ ಲೈನ್ ಆಫ್ ಮಾಡಬೇಕಾದವರು ವಿದ್ಯುತ್ ಇಲಾಖೆಯವರು. ಕೂಲಿಯ ಹೆಸರು ತೋಟದ ಪುಸ್ತಕದಲ್ಲಿ ಇದೆಯೋ ಇಲ್ಲವೋ ನೋಡಬೇಕಾದವರು ಕಾರ್ಮಿಕ ಇಲಾಖೆಯವರು. ಹೆಸರೇ ಇಲ್ಲದವನ ಹೆಂಡತಿ ಪರಿಹಾರ ಕೇಳುವುದು ಯಾರನ್ನು? ವಲಸೆ ಕಾರ್ಮಿಕರಿಗೆಂದೇ 1979ರಲ್ಲಿ ಕಾಯಿದೆ ಬಂತು, 2020ರಲ್ಲಿ ಹೊಸ ಸಂಹಿತೆ ಬಂತು. ಲೈನ್ ಮನೆಯ ಬಾಗಿಲಿಗೆ ಬಂದದ್ದೆಷ್ಟು?

ಮೆಣಸಿಗೆ ಕಪ್ಪು ಬಂಗಾರ ಅನ್ನುತ್ತಾರೆ. ಅದನ್ನು ಕೊಯ್ಯುವವನ ಜೀವಕ್ಕೆ ಒಂದು ಏಣಿಯ ಬೆಲೆಯೂ ಇಲ್ಲವೇ? ಮುಂದಿನ ಕೊಯ್ಲಿಗೆ ಮುಂಚೆ ಸಂಬಂಧಪಟ್ಟವರು ಉತ್ತರ ಕೊಡಲಿ.