ಚೌಡಿಕೆಯ ಪರವಾಗಿ ಒಂದು ಮಾತು

ಕಲಬುರಗಿಯ ಸೆರಗಿನಲ್ಲಿರುವ ಕೋಟನೂರಿನ ನಮ್ಮ ಓಣಿಗೆ, ನಾನು ಹುಡುಗನಾಗಿದ್ದಾಗ, ಮಂಗಳವಾರ ಶುಕ್ರವಾರಗಳಂದು ಜೋಗತಿಯರು ಬರುತ್ತಿದ್ದರು. ತಲೆಯ ಮೇಲೆ ಎಲ್ಲಮ್ಮನ ಕೊಡ, ಕಂಕುಳಲ್ಲಿ ಚೌಡಿಕೆ. ಅವ್ವ ಮೊರದಲ್ಲಿ ಜೋಳ ತಂದು ನೀಡುವವರೆಗೆ ಆ ಒಂಟಿ ತಂತಿ ಗುಂಯ್‌ಗುಡುತ್ತಲೇ ಇರುತ್ತಿತ್ತು. ಈಚೆಗೆ ಒಂದು ಕಾಲೇಜಿನ ಉತ್ಸವಕ್ಕೆ ಚೌಡಿಕೆ ಪದವನ್ನೂ ಸೇರಿಸೋಣವೆಂದು ನಾನು ಸೂಚಿಸಿದಾಗ ಬಂದ ಉತ್ತರ: “ಅದೊಂದು ಬ್ಯಾಡ್ರಿ ಸರ, ಅದು ಮರ್ಯಾದಿ ವಾದ್ಯ ಅಲ್ಲ.” ಹೇಳಿದವರು ಕೆಟ್ಟವರಲ್ಲ, ಆದಕಾರಣವೇ ಆ ಮಾತು ನನ್ನನ್ನು ಕಾಡಿತು.

ಹೀಗೆಯೇ ಮರ್ಯಾದೆ ಕಳೆದುಕೊಂಡ ಇನ್ನೊಂದು ವಾದ್ಯವುಂಟು: ಅಮೆರಿಕದ ಬ್ಯಾಂಜೋ. (ನಮ್ಮ ಕಡೆ ಬ್ಯಾಂಜೋ ಎಂದು ಕರೆಯುವ, ಗುಂಡಿಯೊತ್ತಿ ನುಡಿಸುವ ಬುಲ್‌ಬುಲ್ ತರಂಗ ಬೇರೆ, ಅದರ ಮೂಲ 1912ರ ಜಪಾನು.) ಪಶ್ಚಿಮ ಆಫ್ರಿಕದಿಂದ ಗುಲಾಮರಾಗಿ ಹೋದವರು ಸೋರೆಬುರುಡೆಗೆ ತೊಗಲು ಬಿಗಿದು, ತಂತಿ ಎಳೆದು ಕಟ್ಟಿಕೊಂಡ ವಾದ್ಯವದು. ಅದರ ನಾಲ್ಕು ತಂತಿಯ ರೂಪವಾದ ಟೆನರ್ ಬ್ಯಾಂಜೋ 20ನೆಯ ಶತಮಾನದ ಮೊದಲ ದಶಕಗಳಲ್ಲಿ ಕುಣಿತದ ಮೇಳಗಳಿಗೆಲ್ಲ ಬೇಕಾಯಿತು. ಬಡವರ ಜಗ್ ಬ್ಯಾಂಡುಗಳಲ್ಲಿ ಒಬ್ಬನು ಹೂಜಿಯ ಬಾಯಿಗೆ ತುಟಿ ತಂದು ಮಂದ್ರಸ್ವರ ಊದಿದರೆ ಬ್ಯಾಂಜೋದವನು ಮೇಲೆ ಲಯ ಹಿಡಿಯುತ್ತಿದ್ದನು. ಲೂಯಿವಿಲ್ಲಿನ ಡಿಕ್ಸಿಲ್ಯಾಂಡ್ ಜಗ್ ಬ್ಲೋವರ್ಸ್ 1926ರಲ್ಲಿ ನೀಡಿದ ಧ್ವನಿಮುದ್ರಿಕೆಗಳನ್ನು ಕೇಳಿದಾಗ ನನಗೆ ನೆನಪಾದದ್ದು ನಮ್ಮ ಓಣಿ. ತೊಗಲಿನ ಮೇಲೆ ನಿಂತ ತಂತಿಯ ನಾದ ಬೇಗ ಆರುತ್ತದೆ. ಆದುದರಿಂದ ಒಂದೇ ಮೀಟು ಶ್ರುತಿಯೂ ಹೌದು, ತಾಳವೂ ಹೌದು. ಚೌಡಿಕೆಯ ಗುಟ್ಟೂ ಇದೇ: ಮರದ ಕೊಳಗದ ಒಂದು ಬಾಯಿಗೆ ತೊಗಲು, ಅದರ ನಡುವಿನಿಂದ ಹೊರಟು ಪಕ್ಕದ ಕೋಲಿನ ಬಿರಡೆಗೆ ಸುತ್ತಿದ ತಂತಿ.

ಆದರೆ 19ನೆಯ ಶತಮಾನದಲ್ಲಿ ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು, ಕರಿಯರನ್ನು ಅಣಕಿಸಿ ರಂಗದ ಮೇಲೆ ಕುಣಿದದ್ದು ಇದೇ ಬ್ಯಾಂಜೋ ಹಿಡಿದು. ಆ ಅವಮಾನ ವಾದ್ಯಕ್ಕೆ ಅಂಟಿತು. ಮೈಕು ಬಂದಮೇಲೆ ಅದರ ಗಟ್ಟಿದನಿಯ ಅಗತ್ಯವೂ ತಗ್ಗಿ, ಬ್ಲೂಸ್ ಗಾಯಕರ ಕೈಗೆ ಗಿಟಾರು ಬಂತು. ಮುಂದೆ 2005ರಲ್ಲಿ ಉತ್ತರ ಕೆರೊಲಿನದ ಬೂನ್ ಎಂಬಲ್ಲಿ ಕರಿಯ ಬ್ಯಾಂಜೋ ವಾದಕರ ಸಮಾವೇಶ ನಡೆಯಿತು. ಅಲ್ಲಿ ಕೂಡಿದ ತರುಣರು ಕಟ್ಟಿದ ಕೆರೊಲಿನ ಚಾಕೊಲೇಟ್ ಡ್ರಾಪ್ಸ್ ತಂಡ, ಹೂಜಿಯನ್ನೂ ಬಿಡದೆ ಊದಿ, 2011ರಲ್ಲಿ ಗ್ರ್ಯಾಮಿ ಪ್ರಶಸ್ತಿ ಪಡೆಯಿತು.

ದೇವದಾಸಿ ಪದ್ಧತಿಯನ್ನು ನಿಷೇಧಿಸಿದ ಕಾಯಿದೆಯ ಒಂದಕ್ಷರವೂ ಸಡಿಲವಾಗಬಾರದು. ಈ ವಿಷಯದಲ್ಲಿ ನನಗೆ ಸಂದೇಹವಿಲ್ಲ. ಆದರೆ ಹೆಣ್ಣುಮಕ್ಕಳನ್ನು ಬಿಟ್ಟವರು ನಾವು, ಬಿಡಿಸಿಕೊಂಡವರು ನಾವು. ಅಪರಾಧವನ್ನು ಹೊತ್ತದ್ದು ಮಾತ್ರ ವಾದ್ಯ! ಆ ನಾದವೇ ನೋವೆಂದು ಬಾಳಿದವರು ಹೇಳಿದರೆ ನಾನು ತಲೆಬಾಗಿ ಸುಮ್ಮನಾಗುತ್ತೇನೆ. ಆದರೆ ಅವರನ್ನು ಯಾರೂ ಕೇಳಿಲ್ಲವಲ್ಲ? ಮನಸ್ಸುಳ್ಳ ಹಿರಿಯ ಗಾಯಕಿಯರನ್ನು ಗುರುಗಳೆಂದು ಕರೆಯಿಸಿ, ಸಂಬಳ ಕೊಟ್ಟು, ನಮ್ಮ ಕಾಲೇಜುಗಳಲ್ಲಿ ಗಂಡುಹುಡುಗರಿಗೂ ಚೌಡಿಕೆ ಕಲಿಸಬೇಕು. ಉತ್ಸವಕ್ಕೆ ಇನ್ನೂ ಮೂರು ವಾರಗಳಿವೆ. ನಾನು ಇನ್ನೊಮ್ಮೆ ಕೇಳುವವನಿದ್ದೇನೆ.