ಹನುಮಜ್ಜಯಂತಿ: ತಿಥಿನಿರ್ಣಯದ ಆಚೆಗೆ

ಚೈತ್ರ ಶುದ್ಧ ಪೌರ್ಣಮಿಯು ಕನ್ನಡ ನಾಡಿನಲ್ಲಿ ದವನದ ಹುಣ್ಣಿಮೆಯೆಂದು ಪ್ರಸಿದ್ಧವಾಗಿದೆ. ಉತ್ತರ ಕರ್ನಾಟಕದ ಅನೇಕ ಊರುಗಳಲ್ಲಿ ಅಂದು ಸೂರ್ಯೋದಯದ ವೇಳೆಗೆ ಹನುಮಪ್ಪನ ಗುಡಿಯಲ್ಲಿ ತೊಟ್ಟಿಲು ಕಟ್ಟಲಾಗುತ್ತದೆ. ಹೆಣ್ಣುಮಕ್ಕಳು ಜೋಗುಳ ಹಾಡಿ ಬಾಲ ಹನುಮನನ್ನು ತೂಗುತ್ತಾರೆ. ಮಹಾರಾಷ್ಟ್ರದಲ್ಲಿಯೂ ಉತ್ತರ ಭಾರತದ ಬಹುಭಾಗದಲ್ಲಿಯೂ ಇದೇ ಹುಣ್ಣಿಮೆ ಹನುಮಜ್ಜಯಂತಿ. ಆದರೆ ದಕ್ಷಿಣ ಕರ್ನಾಟಕದ ಆಚರಣೆ ಮಾರ್ಗಶಿರ ಶುದ್ಧ ತ್ರಯೋದಶಿಯಂದು. ತಮಿಳುನಾಡಿನಲ್ಲಿ ಮಾರ್ಗಳಿ ಮಾಸದ ಮೂಲಾ ನಕ್ಷತ್ರ, ಒಡಿಶಾದಲ್ಲಿ ವಿಷುವ ಸಂಕ್ರಾಂತಿ, ಅಯೋಧ್ಯೆಯಲ್ಲಿ ಕಾರ್ತಿಕ ಕೃಷ್ಣ ಚತುರ್ದಶಿ. ತೆಲುಗು ನಾಡಿನಲ್ಲಿ ಚೈತ್ರ ಪೌರ್ಣಮಿಗೆ ಆರಂಭವಾಗುವ ದೀಕ್ಷೆಯು 41 ದಿನಗಳ ನಂತರ ವೈಶಾಖ ಬಹುಳ ದಶಮಿಯಂದು ಕೊನೆಗೊಳ್ಳುತ್ತದೆ.

ಇವುಗಳಲ್ಲಿ ಸರಿಯಾದ ತಿಥಿ ಯಾವುದು ಎಂಬ ಪ್ರಶ್ನೆಯನ್ನು ವಿದ್ವಾಂಸರ ಮುಂದೆ ಮತ್ತೆ ಮತ್ತೆ ಇಡಲಾಗುತ್ತಿದೆ. ಭಕ್ತನ ದೃಷ್ಟಿಯಿಂದ ಈ ಪ್ರಶ್ನೆ ಸಹಜವಾದುದು. ಸಂಶೋಧಕನು ಇದನ್ನು ಇದ್ದಂತೆಯೇ ಒಪ್ಪಿಕೊಂಡರೆ ಅಧ್ಯಯನ ಮಾಡಬೇಕಾದ ವಸ್ತುವೇ ಅವನ ಕೈತಪ್ಪಿಹೋಗುತ್ತದೆ.

ಮೊದಲಿಗೆ ಆಕರಗಳನ್ನು ಗಮನಿಸಬಹುದು. ವಾಲ್ಮೀಕಿ ರಾಮಾಯಣದ ಕಿಷ್ಕಿಂಧಾ ಕಾಂಡದಲ್ಲಿ, ಕಡಲನ್ನು ದಾಟುವ ಮುನ್ನ, ಜಾಂಬವಂತನು ಹನುಮಂತನಿಗೆ ಅವನ ಜನನ ವೃತ್ತಾಂತವನ್ನು ನೆನಪಿಸುತ್ತಾನೆ. ಶಾಪದಿಂದ ವಾನರಿಯಾಗಿ ಹುಟ್ಟಿದ ಪುಂಜಿಕಸ್ಥಲೆ ಎಂಬ ಅಪ್ಸರೆಯೇ ಅಂಜನೆ. ಅವಳು ಗುಹೆಯಲ್ಲಿ ಮಗುವನ್ನು ಹೆತ್ತಳು. ಅಲ್ಲಿ ತಿಥಿಯ ಉಲ್ಲೇಖವಿಲ್ಲ. ತನ್ನ ಬಲವನ್ನು ಮರೆತು ಕುಳಿತ ವೀರನನ್ನು ಎಚ್ಚರಿಸುವುದು ಆ ಕಥನದ ಉದ್ದೇಶ. ವಿಮಲಸೂರಿ, ರವಿಷೇಣರ ಜೈನ ಪರಂಪರೆಯಲ್ಲಿ ಹನುಮಂತನು ಕಪಿಯಲ್ಲ. ವಿದ್ಯಾಧರ ಕುಲದ ರಾಜಕುಮಾರ. ಪತಿ ಪವನಂಜಯನ ಉಪೇಕ್ಷೆಗೆ ಒಳಗಾಗಿ, ಗರ್ಭಿಣಿಯಾದಾಗ ಅತ್ತೆಯಿಂದ ಹೊರದೂಡಲ್ಪಟ್ಟ ಅಂಜನಾಸುಂದರಿಯು ಕಾಡಿನ ಗುಹೆಯಲ್ಲಿ ಅವನನ್ನು ಹೆರುತ್ತಾಳೆ. ಇಲ್ಲಿ ಜನನ ಪ್ರಸಂಗವು ಒಬ್ಬ ಸ್ತ್ರೀಯ ಸಂಕಟದ ಕಥೆಯಾಗಿ ಮಾರ್ಪಟ್ಟಿದೆ. ಕನ್ನಡದಲ್ಲಿ ನಾಗಚಂದ್ರನ ರಾಮಚಂದ್ರಚರಿತಪುರಾಣವು ಈ ಜೈನ ಪರಂಪರೆಗೆ ಸೇರಿದುದು. ದ್ವೈತ ಸಂಪ್ರದಾಯಕ್ಕಾದರೋ ಹನುಮಂತನು ಮುಖ್ಯಪ್ರಾಣನ ಪ್ರಥಮಾವತಾರ. ಭೀಮ ಮತ್ತು ಮಧ್ವರು ನಂತರದವರು. ಹೀಗೆ ಒಂದು ಜನನಕ್ಕೆ ಮೂರು ಅರ್ಥಗಳು ಕನ್ನಡಿಗರಿಗೆ ಶತಮಾನಗಳಿಂದ ಪರಿಚಿತವಾಗಿವೆ.

ಮಾರ್ಗಶಿರ ತ್ರಯೋದಶಿಯ ಆಚರಣೆಯನ್ನು ಪರಿಶೀಲಿಸಿದರೆ ಇನ್ನೊಂದು ಸಂಗತಿ ಸ್ಪಷ್ಟವಾಗುತ್ತದೆ. ಅದರ ಸಾಂಪ್ರದಾಯಿಕ ಹೆಸರು ಹನುಮದ್‌ವ್ರತ. ಕಲಶದಲ್ಲಿ ಪಂಪೆಯನ್ನು ಆವಾಹಿಸಿ, 13 ಗಂಟುಗಳ ದಾರವನ್ನು ಪೂಜಿಸಿ ಕಟ್ಟಿಕೊಳ್ಳುವುದು ಅದರ ಕ್ರಮ. ವ್ರತಕಥೆಯ ಪ್ರಕಾರ, ದ್ರೌಪದಿ ಧರಿಸಿದ್ದ ದಾರವನ್ನು ಅರ್ಜುನನು ತನ್ನ ಧ್ವಜದ ಮೇಲಿನ ಕಪಿಗೇಕೆ ಪೂಜೆಯೆಂದು ಕಿತ್ತೆಸೆದುದರಿಂದ ಪಾಂಡವರಿಗೆ 13 ವರ್ಷಗಳ ವನವಾಸ, ಅಜ್ಞಾತವಾಸಗಳು ಒದಗಿದವು. ಕಥೆಯ ಕೇಂದ್ರದಲ್ಲಿ ಜನನವಿಲ್ಲ. ಬಲಶಾಲಿಯ ಅಹಂಕಾರವೂ ಹೆಣ್ಣಿನ ಶ್ರದ್ಧೆಗೆ ಆದ ಅವಮಾನವೂ ಇವೆ. ಈಚೆಗೆ ಪತ್ರಿಕೆಗಳಲ್ಲಿಯೂ ಪ್ರಕಟಣೆಗಳಲ್ಲಿಯೂ ಈ ದಿನವನ್ನು 'ಹನುಮ ಜಯಂತಿ' ಎಂದೇ ಕರೆಯುವುದು ರೂಢಿಯಾಗುತ್ತಿದೆ. ಹೆಸರು ಬದಲಾದಾಗ ಕಥೆಯೂ ಹಿಂದೆ ಸರಿಯುತ್ತದೆ. 'ವ್ರತ'ವು 'ಜಯಂತಿ'ಯಾದ ಮೇಲೆ, ನಮ್ಮದು ಚೈತ್ರದಲ್ಲೋ ಮಾರ್ಗಶಿರದಲ್ಲೋ ಎಂಬ ಹುಸಿ ವಿರೋಧ ಹುಟ್ಟುತ್ತದೆ.

ಗ್ರಾಮೀಣ ಆಚರಣೆಗಳು ಈ ಚೌಕಟ್ಟಿಗೆ ಇನ್ನೂ ಕಡಿಮೆ ಒಗ್ಗುತ್ತವೆ. ಹಲವು ಊರುಗಳಲ್ಲಿ ಹನುಮಪ್ಪನ ಮುಖ್ಯ ಉತ್ಸವವೆಂದರೆ ಬೇಸಿಗೆಯ ಓಕುಳಿ ಅಥವಾ ದೀಪಗಳ ಕಾರ್ತಿಕೋತ್ಸವ. ಅಲ್ಲಿ ಅವನು ಊರ ಬಾಗಿಲ ಕಾವಲಿನ ದೈವ. ಅವನು ಹುಟ್ಟಿದ ದಿನದ ಚಿಂತೆ ಊರಿಗಿಲ್ಲ. ತುಂಗಭದ್ರೆಯ ದಡದ ನಿದರ್ಶನವೂ ಗಮನಾರ್ಹವಾದುದು. ದವನದ ಹುಣ್ಣಿಮೆಯ ವೇಳೆಗೆ ಹಂಪಿಯಲ್ಲಿ ವಿರೂಪಾಕ್ಷನ ರಥೋತ್ಸವ ನಡೆಯುತ್ತದೆ. ನದಿಯಾಚೆಗೆ, ಆನೆಗೊಂದಿಯ ಬಳಿಯ ಅಂಜನಾದ್ರಿಯಲ್ಲಿ ಹನುಮಮಾಲೆ ಧರಿಸಿದ ಸಾವಿರಾರು ಜನ ಬೆಟ್ಟವೇರಿ ಮಾಲೆ ವಿಸರ್ಜಿಸುವುದು ಮಾರ್ಗಶಿರದಲ್ಲಿ. ಒಂದೇ ಕ್ಷೇತ್ರದ ಎರಡು ದಡಗಳೂ ಕಾಲವನ್ನು ಒಂದೇ ಬಗೆಯಲ್ಲಿ ಎಣಿಸುತ್ತಿಲ್ಲ.

ತಿಥಿಯ ಪ್ರಶ್ನೆಯು ಸ್ಥಳದ ಪ್ರಶ್ನೆಯಾದಾಗ ವಿದ್ವತ್ತಿನ ಹೊಣೆ ಇನ್ನೂ ಹೆಚ್ಚುತ್ತದೆ. 2021ರ ಶ್ರೀರಾಮನವಮಿಯಂದು ತಿರುಮಲ ತಿರುಪತಿ ದೇವಸ್ಥಾನವು, ತಾನು ನೇಮಿಸಿದ್ದ ವಿದ್ವಾಂಸರ ಸಮಿತಿಯ ವರದಿಯನ್ನು ಆಧರಿಸಿ, ತಿರುಮಲೆಯ ಅಂಜನಾದ್ರಿಯೇ ಹನುಮಂತನ ಜನ್ಮಸ್ಥಳವೆಂದು ಘೋಷಿಸಿತು. ಕಿಷ್ಕಿಂಧೆಯ ಪರವಾದವರು ಅದನ್ನು ಪ್ರತಿಭಟಿಸಿದರು. ನಾಸಿಕದ ಅಂಜನೇರಿ, ಜಾರ್ಖಂಡದ ಆಂಜನ ಗ್ರಾಮಗಳಿಗೂ ಇಂಥದೇ ನಂಬಿಕೆಯ ಹಿನ್ನೆಲೆಯಿದೆ. ಆನೆಗೊಂದಿಯ ಪರವಾಗಿ ಪ್ರಮಾಣ ಒದಗಿಸುವುದು ಕನ್ನಡ ವಿದ್ವಾಂಸರ ಕರ್ತವ್ಯವೆಂಬ ನಿರೀಕ್ಷೆ ಇಲ್ಲಿ ಸಹಜವಾಗಿಯೇ ಮೂಡುತ್ತದೆ. ಆದರೆ ಪಕ್ಷವೊಂದರ ಸಾಕ್ಷಿಯಾಗಿ ನಿಂತ ಸಂಶೋಧನೆಯು ತನಗೆ ಪ್ರತಿಕೂಲವಾದ ಆಕರವನ್ನು ಓದುವ ಸ್ವಾತಂತ್ರ್ಯವನ್ನು ಕಳೆದುಕೊಳ್ಳುತ್ತದೆ.

ಎಲ್ಲ ನಂಬಿಕೆಗಳನ್ನೂ ಸಮಾನವೆಂದು ಒಪ್ಪಿದರೆ ವಿಮರ್ಶೆಗೆ ಸ್ಥಾನವೆಲ್ಲಿ ಎಂಬ ಆಕ್ಷೇಪ ಬರಬಹುದು. ಆಕ್ಷೇಪ ನ್ಯಾಯವಾದುದೇ. ಉತ್ತರವಿರುವುದು ಪ್ರಶ್ನೆಯನ್ನು ತಿದ್ದಿಕೊಳ್ಳುವುದರಲ್ಲಿ. ಹನುಮಂತನು ಎಲ್ಲಿ, ಎಂದು ಹುಟ್ಟಿದನೆಂಬುದನ್ನು ಶಾಸನವಾಗಲೀ ಭೂಗೋಳವಾಗಲೀ ಸಿದ್ಧಪಡಿಸಲಾರದು. ಒಂದು ಬೆಟ್ಟಕ್ಕೆ ಅಂಜನೆಯ ಹೆಸರು ಯಾವ ಕಾಲದ ಬರಹದಲ್ಲಿ ಮೊದಲು ಕಾಣುತ್ತದೆ, ಆ ಸ್ಥಳಪುರಾಣವನ್ನು ಯಾರು ಯಾರಿಗಾಗಿ ರಚಿಸಿದರು, ತೊಟ್ಟಿಲ ಸೇವೆ ಯಾವ ಊರುಗಳಲ್ಲಿದೆ, ವ್ಯಾಸರಾಯರ ಕಾಲದ ಹನುಮ ಪ್ರತಿಷ್ಠೆಗಳು ಆಚರಣೆಯ ಮೇಲೆ ಬೀರಿದ ಪ್ರಭಾವವೇನು ಎಂಬ ಪ್ರಶ್ನೆಗಳಿಗೆ ಮಾತ್ರ ಆಧಾರಸಹಿತವಾದ ಉತ್ತರ ಸಾಧ್ಯ. ಅಲ್ಲಿ ಹಳೆಯದನ್ನೂ ಹೊಸದನ್ನೂ ಬೇರ್ಪಡಿಸಬಹುದು. ಒಂದು ವಾದ ದುರ್ಬಲವೆಂದು ನಿಸ್ಸಂಕೋಚವಾಗಿ ಹೇಳಲೂಬಹುದು.

ಕನ್ನಡ ವಿಭಾಗಗಳು ತುರ್ತಾಗಿ ಕೈಗೊಳ್ಳಬೇಕಾದ ಕಾರ್ಯ ಕ್ಷೇತ್ರಾಧ್ಯಯನ. ಪ್ರತಿ ತಾಲೂಕಿನ ಹನುಮನ ಗುಡಿಗಳ ಉತ್ಸವದ ತಿಥಿ, ಹೆಸರು, ಸೇವೆ, ಹಾಡು, ಪಾಲ್ಗೊಳ್ಳುವ ಸಮುದಾಯಗಳ ದಾಖಲೆ ಸಿದ್ಧವಾಗಬೇಕು. ಮುದ್ರಿತ ದಿನದರ್ಶಿಕೆಗಳೂ ಮೊಬೈಲಿನ ಪಂಚಾಂಗಗಳೂ ಎಲ್ಲೆಡೆ ಒಂದೇ ದಿನವನ್ನು ಸೂಚಿಸುವಾಗ, ಸ್ಥಳೀಯ ರೂಢಿಯು ತಪ್ಪೆಂದು ಭಾವಿಸಿ ಊರವರೇ ಅದನ್ನು ಕೈಬಿಡುವ ಸಂಭವವಿದೆ. ತೊಟ್ಟಿಲ ಹಾಡುಗಳನ್ನು ಬಲ್ಲ ಹಿರಿಯ ಹೆಣ್ಣುಮಕ್ಕಳ ಸಂಖ್ಯೆಯೂ ಕ್ಷೀಣಿಸುತ್ತಿದೆ. ಜನ್ಮಸ್ಥಳದ ವಾದ ಎಷ್ಟು ವರ್ಷ ಬೇಕಾದರೂ ನಡೆಯಬಹುದು. ಮುಂದಿನ ದವನದ ಹುಣ್ಣಿಮೆಯ ಬೆಳಗಿನಲ್ಲಿ ಆ ಹಾಡನ್ನು ಬರೆದುಕೊಳ್ಳುವ ಕೆಲಸಕ್ಕೆ ಅಷ್ಟು ಕಾಲಾವಕಾಶವಿಲ್ಲ.